ನಮ್ಮೂರ ಅಂಚೆ ಕಚೇರಿ ಜಾಗ ಬದಲಿಸುತ್ತಿದೆ: ಹಿನ್ನೀರ ಸೀಮೆಯ ಹಳೇ ಕಾಗದ, ಹಳೇ ದಾರಿಗಳ ಬಗ್ಗೆ ಗೊತ್ತಿದ್ದವರು ಬರೆಯಿರಿ

ಕರೂರು ಸೀಮೆಯವ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲೂಕಿನ ಕರೂರು ಹೋಬಳಿ, ಶರಾವತಿ ಹಿನ್ನೀರಿನ ಆಚೆ ದಡದ ಸಣ್ಣ ಊರು. ನಮ್ಮೂರ ಶಾಖಾ ಅಂಚೆ ಕಚೇರಿಯ ಪೋಸ್ಟ್ ಮಾಸ್ಟರಿಗೆ ಇಷ್ಟರಲ್ಲೇ 65 ತುಂಬುತ್ತದೆ. ಗ್ರಾಮೀಣ ಅಂಚೆ ಸೇವಕರು ಆ ವಯಸ್ಸಿಗೆ ಕೆಲಸ ಬಿಡಬೇಕು. ಹಳ್ಳಿಯ ಶಾಖಾ ಕಚೇರಿಗೆ ಇಲಾಖೆಯ ಸ್ವಂತ ಕಟ್ಟಡ ಇರುವುದು ಅಪರೂಪ, ಪೋಸ್ಟ್ ಮಾಸ್ಟರೇ ಜಾಗ ಮಾಡಿಕೊಡಬೇಕು. ಹಾಗಾಗಿ ಇಷ್ಟು ವರ್ಷ ಅವರ ಮನೆ ಜಗಲಿ ಪಕ್ಕದ ಕೋಣೆಯೇ ನಮ್ಮ ಪೋಸ್ಟಾಫೀಸು. ಹೊಸಬರು ಬಂದರೆ ಅದು ಅವರ ಕಡೆ ಹೋಗುತ್ತದೆ.

ಇಲಾಖೆಯ ಸಾಮಾನನ್ನು ಲೆಕ್ಕ ಮಾಡಿ ಒಪ್ಪಿಸುತ್ತಾರೆ. ಮುದ್ರೆ, ತಕ್ಕಡಿ, ಚೀಲ, ಪುಸ್ತಕ, ಯಂತ್ರ ಎಲ್ಲ ಹೋಗುತ್ತದೆ. ಉಳಿಯುವುದು ಅವರ ಅಪ್ಪ ಮಾಡಿಸಿದ್ದ ಮರದ ಖಾನೆ. ಊರ ಮನೆಗಳಿಗೆಲ್ಲ ಒಂದೊಂದು ಗೂಡು. ಗೂಡಿನ ಕೆಳಗೆ ಸುಣ್ಣದಲ್ಲಿ ಬರೆದ ಮನೆ ಹೆಸರುಗಳು ಈಗಲೂ ಓದಲು ಬರುತ್ತವೆ. ಅದರಲ್ಲಿ ಕೆಲವು ಮನೆ ಈಗ ಇಲ್ಲ. ಕೆಲವರು ಲಿಂಗನಮಕ್ಕಿ ಡ್ಯಾಮ್ ಬಂದ ಮೇಲೆ ಎದ್ದು ಹೋದವರು. ಕೆಲವರು ಆಮೇಲೆ ಬೆಂಗಳೂರಿಗೆ ಹೋದವರು.

ನನಗೆ ಅನ್ನಿಸುವುದು ಇಷ್ಟು. ನಮ್ಮ ಸೀಮೆಯ ಚರಿತ್ರೆ ಅಂದರೆ ಎಲ್ಲರೂ ಲಿಂಗನಮಕ್ಕಿ, ಮುಳುಗಡೆ, ಹಿನ್ನೀರು ದಾಟಿಸುವ ಲಾಂಚ್ ಅಂತ ಹೇಳಿ ಮುಗಿಸುತ್ತಾರೆ. ಅದರ ಒಳಗೆ ಜನ ಹೇಗಿದ್ದರು, ಯಾರಿಗೆ ಯಾರು ಏನು ಬರೆದರು, ಯಾವ ದಾರಿಯಲ್ಲಿ ಸುದ್ದಿ ಬಂತು, ಇದನ್ನು ಯಾರೂ ಬರೆದಿಟ್ಟಿಲ್ಲ. ಅಂಚೆ ಕಚೇರಿಯನ್ನು ಹಿಡಿದು ಅದನ್ನು ಒಟ್ಟು ಮಾಡಬಹುದು ಅಲ್ವಾ? ಹಳೇ ರಿಜಿಸ್ಟರು ನೋಡಲು ಸಿಗುತ್ತದಾ? ಯಾರನ್ನು ಕೇಳಬೇಕು? ನಮ್ಮ ಕಡೆಯ ಟಪಾಲಿನ ಬಗ್ಗೆ ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ನಿವೃತ್ತ ಬಿಪಿಎಂ, ಹೊಸನಗರ ಕಡೆ:

ಒಳ್ಳೇ ಕೆಲಸಕ್ಕೆ ಕೈ ಹಾಕಿದ್ದೀರಿ. ನಾನು ಬಿಪಿಎಂ, ಅಂದರೆ ಶಾಖಾ ಕಚೇರಿಯ ಪೋಸ್ಟ್ ಮಾಸ್ಟರ್ ಆಗಿದ್ದವನು. ನಾನು ಸೇರಿದಾಗ ನಮ್ಮನ್ನು ಇ.ಡಿ. ಅನ್ನುತ್ತಿದ್ದರು, ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್. ಸರ್ಕಾರದ ಕೆಲಸ, ಆದರೆ ಸರ್ಕಾರಿ ನೌಕರ ಅಲ್ಲ. ದಿನಕ್ಕೆ ಕೆಲವೇ ಗಂಟೆ ಕೆಲಸ, ಅದಕ್ಕೊಂದು ಭತ್ಯೆ. ಇ.ಡಿ.ಗಳದ್ದೂ ಸಿವಿಲ್ ಹುದ್ದೆಯೇ, ವಿಚಾರಣೆ ಮಾಡದೆ ತೆಗೆಯುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಅದು ನಮಗೆ ದೊಡ್ಡ ಆಸರೆ. ಆದರೂ ಖಾಯಂ ನೌಕರರಿಗೆ ಸಿಕ್ಕ ಪಿಂಚಣಿ ನಮಗೆ ಸಿಗಲಿಲ್ಲ. ಹಳ್ಳಿಯ ಅಂಚೆ ಇಷ್ಟು ಕಾಲ ನಡೆದದ್ದು ಬೇರೆ ಒಂದು ಆದಾಯ ಇಟ್ಟುಕೊಂಡು ಈ ಕೆಲಸವನ್ನೂ ಮಾಡಿದವರಿಂದ. ತೋಟದವರು, ಅಂಗಡಿಯವರು, ಹಿಂದೆ ಜಾಸ್ತಿ ಶಾಲೆ ಮೇಷ್ಟ್ರು. ನಿಮ್ಮ ಪೋಸ್ಟ್ ಮಾಸ್ಟರ ಅಪ್ಪ ಸ್ವಂತ ಖರ್ಚಲ್ಲಿ ಖಾನೆ ಮಾಡಿಸಿದ್ದು ಅದೇ ಥರದ್ದು.

ರಿಜಿಸ್ಟರ್ ವಿಷಯಕ್ಕೆ ಬರುತ್ತೇನೆ. ಆಸೆ ಇಟ್ಟುಕೊಳ್ಳಬೇಡಿ. ಶಾಖಾ ಕಚೇರಿಯ ಜರ್ನಲ್ಲು, ದಿನದ ಲೆಕ್ಕ, ಬ್ರಾಂಚ್ ಆಫೀಸಿನ (ಬಿ.ಒ.) ಸ್ಲಿಪ್ಪು, ಇವಕ್ಕೆಲ್ಲ ಇಂತಿಷ್ಟು ಕಾಲ ಇಡಬೇಕು ಅಂತ ನಿಯಮ ಇದೆ. ಅವಧಿ ಮುಗಿದ ಮೇಲೆ ವಿಲೇವಾರಿ. ಇರುವುದನ್ನೂ ಹೊರಗಿನವರಿಗೆ ತೋರಿಸುವ ಹಾಗಿಲ್ಲ. ಯಾರ ಖಾತೆಯಲ್ಲಿ ಎಷ್ಟಿತ್ತು, ಯಾರಿಗೆ ಯಾರು ಕಾಗದ ಹಾಕಿದರು ಅನ್ನುವುದು ಬೇರೆಯವರು ನೋಡುವಂಥದ್ದಲ್ಲ. ಆ ಗುಟ್ಟು ಕಾಪಾಡಿದ್ದಕ್ಕೇ ಜನ ನಮ್ಮನ್ನು ನಂಬಿದ್ದು.

ಆದರೆ ನೀವು ಹುಡುಕುವ ಚರಿತ್ರೆ ಕಚೇರಿಯಲ್ಲಿ ಇಲ್ಲ. ಅದು ಮನೆಮನೆಯಲ್ಲಿದೆ. ನಮ್ಮ ಕೈಯಿಂದ ಹಂಚಿದ್ದೆಲ್ಲ ಜನರ ಮನೆಗೇ ಹೋಯಿತಲ್ಲ. ಕಾಗದದ ಸರಿಗೆ ನೋಡಿಲ್ಲವೇ? ಕೊನೆ ಬಾಗಿಸಿದ ಉದ್ದ ತಂತಿ, ಕೆಳಗೊಂದು ಮರದ ಬಿಲ್ಲೆ, ಬಂದ ಕಾಗದವನ್ನೆಲ್ಲ ಅದಕ್ಕೆ ಚುಚ್ಚಿ ತೊಲೆಗೆ ನೇತು ಹಾಕುತ್ತಿದ್ದರು. ಹಳೇ ಮನೆಗಳ ಮೆತ್ತಿನ ಮೇಲೆ, ಅಂದರೆ ಅಟ್ಟದಲ್ಲಿ ಹುಡುಕಿ. ಹೊಗೆ ಹಿಡಿದು ಕಪ್ಪಾಗಿರುತ್ತದೆ. ಆ ಹೊಗೆಯಿಂದಲೇ ಗೆದ್ದಲು ಮುಟ್ಟಿರುವುದಿಲ್ಲ.

ತೋಟದಮನೆ ಸೊಸೆ:

ಸರಿಗೆ ನಮ್ಮ ಮನೆಯಲ್ಲಿ ಇದೆ. ನನ್ನ ಮಾವ ತೀರಿಕೊಂಡ ಮೇಲೆ ಯಾರೂ ಮುಟ್ಟಿರಲಿಲ್ಲ. ಈ ಮಳೆಗಾಲದಲ್ಲಿ ಇಳಿಸಿ ನೋಡಿದೆ. ಮದುವೆ ಕಾಗದ, ಉಪನಯನದ ಕಾಗದ, ಅಡಿಕೆ ಮಂಡಿಯ ಪಟ್ಟಿ, ಸೊಸೈಟಿ ನೋಟೀಸು, ಮಗಳಿಗೆ ಗಂಡು ನೋಡಿದ ವಿಚಾರ, ಅಡಿಕೆ ಕೊನೆ ಕೊಯ್ಲಿಗೆ ಜನ ಸಿಗಲಿಲ್ಲ ಅಂತ ಭಾವ ಬರೆದ ಕಾರ್ಡು. ಎಷ್ಟು ಹುಡುಕಿದರೂ ಸಾವಿನ ಕಾಗದ ಒಂದೂ ಇಲ್ಲ. ಅತ್ತೆಯನ್ನು ಕೇಳಿದೆ. "ಅದನ್ನ ಒಳಗೇ ತರ್ತಿರಲಿಲ್ಲ, ಅಂಗಳದಲ್ಲೇ ಓದಿ ಹರಿದು ಹಾಕೋದು" ಅಂದರು. ಒಳ್ಳೇ ಸುದ್ದಿಗೆ ಮೂಲೆಗೆ ಅರಿಶಿನ, ಸಾವಿನ ಸುದ್ದಿಗೆ ಮೂಲೆಗೆ ಕಪ್ಪು. ಕಪ್ಪು ಕಂಡರೆ ಪೋಸ್ಟಿನವರು ಬೇಲಿಯ ದಣಪೆ ಹತ್ತಿರವೇ ನಿಂತು ಗಂಡಸರನ್ನು ಕರೆಯುತ್ತಿದ್ದರಂತೆ.

ಹಾಗಾಗಿ ಕಾಗದ ಒಟ್ಟು ಮಾಡುವವರು ಒಂದು ನೆನಪಿಡಿ. ಮನೆಯ ಸರಿಗೆಯಲ್ಲಿ ಮದುವೆ ಸಿಗುತ್ತದೆ, ಸಾವು ಸಿಗುವುದಿಲ್ಲ. ಬರೀ ಕಾಗದ ನೋಡಿ ಊರಿನ ಕಥೆ ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ಆ ಅರ್ಧಕ್ಕೆ ಹಿರಿಯರನ್ನೇ ಕೇಳಬೇಕು.

ಇನ್ನೊಂದು. ಸರಿಗೆಯಲ್ಲಿ ಇರುವುದೆಲ್ಲ ಗಂಡಸರ ಹೆಸರಿಗೆ ಬಂದ ಕಾಗದ. ನಮ್ಮತ್ತೆಗೆ ತವರಿನಿಂದ ಬಂದದ್ದೆಲ್ಲ ಅವರ ಟ್ರಂಕಿನಲ್ಲಿ, ಸೀರೆ ಕೆಳಗೆ ಇತ್ತು. ಮೂರು ಮಡಿಕೆಯ ನೀಲಿ ಇನ್‌ಲ್ಯಾಂಡ್ ಲೆಟರು. ಬರೆಯಲು ಜಾಗ ಸಾಲದೆ ಅಂಟು ಹಚ್ಚುವ ಅಂಚಿನ ಮೇಲೂ ಬರೆದಿದ್ದಾರೆ, "ಎಮ್ಮೆ ಕರು ಹಾಕಿತು, ಗಿಣ್ಣ ಕಳಿಸಲು ಯಾರೂ ಸಿಗಲಿಲ್ಲ" ಅಂತ. ಟ್ರಂಕು ತೆಗೆಸಿ ನೋಡಿ, ಬರೀ ಮೆತ್ತು ಹತ್ತಿ ಇಳಿಯಬೇಡಿ.

ಶಿವಮೊಗ್ಗದ ಮುದ್ರೆ ಸಂಗ್ರಹಕಾರ:

ಈ ಸೊಸೆಯಮ್ಮ ಹೇಳಿದ್ದು ಬಹಳ ಮುಖ್ಯ. ನಾನು ಅಂಚೆ ಮುದ್ರೆಗಳನ್ನು ಸಂಗ್ರಹಿಸುವವನು. ತಾರೀಖು ಅಳಿಸಿದ ಕಾಗದ ಸಿಕ್ಕರೆ ಕಾಲ ಹೇಗೆ ಗುರುತಿಸಬಹುದು ಅಂತ ಸ್ವಲ್ಪ ಹೇಳುತ್ತೇನೆ.

ಮೊದಲು ಅಂಚೆ ಚೀಟಿಯ ಬೆಲೆ ನೋಡಿ. ಆಣೆ ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನ ಚೀಟಿ. ನಯೇ ಪೈಸೆ ಅಂತ ಇದ್ದರೆ 1957ರಿಂದ 1964ರ ನಡುವಿನದು. ಆ ಕಾಲದ ಭಾರತ ನಕ್ಷೆಯ ಚೀಟಿ ಹಳ್ಳಿ ಕಾಗದಗಳಲ್ಲಿ ಧಾರಾಳ ಸಿಗುತ್ತದೆ. 1964ರ ಜೂನ್‌ನಲ್ಲಿ ನಯೇ ಹೋಗಿ ಬರೀ ಪೈಸೆ ಆಯಿತು. ನಿಮ್ಮ ಸೀಮೆಗೆ ಇದು ಬಹಳ ಅನುಕೂಲ. ಲಿಂಗನಮಕ್ಕಿ ಕಟ್ಟಿ ಮುಗಿದದ್ದೂ 1964ರಲ್ಲೇ. ನಯೇ ಪೈಸೆಯ ಕಾಗದ ಕೈಗೆ ಸಿಕ್ಕರೆ ಬಹುಮಟ್ಟಿಗೆ ಅದು ನೀರು ನಿಲ್ಲುವುದಕ್ಕೆ ಮೊದಲಿನದು ಅಂತ ಇಟ್ಟುಕೊಳ್ಳಬಹುದು.

ಇನ್‌ಲ್ಯಾಂಡ್ ಲೆಟರ್ ಬಂದದ್ದೇ 1950ರ ಅಕ್ಟೋಬರ್ 2ಕ್ಕೆ. ಅದಕ್ಕೆ ಹಿಂದಿನದು ಅಂತ ಯಾರಾದರೂ ನೀಲಿ ಕಾಗದ ತೋರಿಸಿದರೆ ಒಪ್ಪಬೇಡಿ. ಕವರಿನ ಮೇಲೆ ಮಾಮೂಲಿ ಚೀಟಿಯ ಜೊತೆ ರೆಫ್ಯೂಜಿ ರಿಲೀಫ್ ಅಂತ ಅಚ್ಚಾದ 5 ಪೈಸೆ ಚೀಟಿ ಇದ್ದರೆ ಅದು 1971ರ ನವೆಂಬರ್‌ನಿಂದ 1973ರ ಮಾರ್ಚ್ ಒಳಗಿನದು. ಬಾಂಗ್ಲಾ ನಿರಾಶ್ರಿತರಿಗಾಗಿ ದೇಶದ ಜನರೆಲ್ಲ ಕೊಟ್ಟ ತೆರಿಗೆ ಅದು. ಕಾಡಿನ ಮಧ್ಯದ ಹಳ್ಳಿಯ ಕವರಿನ ಮೇಲೂ ಅದು ಇರುತ್ತದೆ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಮೈಸೂರು ರಾಜ್ಯ ಅಂತ ಬರೆದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗೆ ಹಿಂದಿನದು. ಅಭ್ಯಾಸ ಬಲದಿಂದ ಆಮೇಲೂ ಹಾಗೇ ಬರೆದವರು ಇದ್ದಾರೆ, ಅದಕ್ಕೇ ಸಾಮಾನ್ಯವಾಗಿ ಅಂದೆ.

ಮುದ್ರೆ ಎರಡು ಇರುತ್ತದೆ. ಚೀಟಿಯ ಮೇಲೆ ಹೊಡೆದದ್ದು ಕಾಗದ ಹಾಕಿದ ಊರಿನದು. ಖಾಲಿ ಜಾಗದಲ್ಲಿ ಅಥವಾ ಹಿಂದೆ ಹೊಡೆದದ್ದು ಬಂದು ಮುಟ್ಟಿದ ಊರಿನದು. ಎರಡೂ ತಾರೀಖು ಓದಲು ಬಂದರೆ ಕಾಗದ ಎಷ್ಟು ದಿನ ದಾರಿಯಲ್ಲಿತ್ತು ಅಂತ ತಿಳಿಯುತ್ತದೆ. ಬೇಸಿಗೆಯ ಕಾಗದ, ಆಷಾಢದ ಕಾಗದ ಎರಡನ್ನೂ ಪಕ್ಕ ಇಟ್ಟು ನೋಡಿ. ನಿಮ್ಮ ಊರಿಗೆ ದಾರಿ ಹೇಗಿತ್ತು ಅನ್ನುವುದು ಅಲ್ಲೇ ಇದೆ.

ಹಳೇ ಕಾಲದ ಬಗ್ಗೆ ಒಂದು ಮಾತು. ಸಾಗರ ಸೀಮೆ ಮೈಸೂರು ಸಂಸ್ಥಾನದ್ದು. 1889ರ ತನಕ ಮೈಸೂರಿಗೆ ತನ್ನದೇ ಅಂಚೆ ಇತ್ತು. ಅದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದದ್ದು ಅಂತ ಹೇಳುತ್ತಾರೆ. 1889ರಲ್ಲಿ ಅದನ್ನು ಬ್ರಿಟಿಷ್ ಭಾರತದ ಅಂಚೆಗೆ ಸೇರಿಸಿದರು. ಅದಕ್ಕಿಂತ ಹಿಂದಿನ ಕಾಗದ ಮಠ, ಬಸದಿ, ಪಟೇಲರ ಮನೆಯಲ್ಲಿ ಸಿಕ್ಕರೆ ದಯವಿಟ್ಟು ಯಾವ ವ್ಯಾಪಾರಿಗೂ ಕೊಡಬೇಡಿ.

ರನ್ನರ್ ಮೊಮ್ಮಗ:

ನಮ್ಮಜ್ಜ ಟಪಾಲು ಹೊತ್ತವರು. ಇ.ಡಿ. ಮೇಲ್ ಕ್ಯಾರಿಯರ್ ಅಂತ ಹುದ್ದೆ, ಊರಲ್ಲಿ ಎಲ್ಲರೂ ರನ್ನರ್ ಅಂತಲೇ ಕರೆಯುತ್ತಿದ್ದರು. ಡ್ಯಾಮಿಗೆ ಮೊದಲೂ ಹೊತ್ತರು, ಆಮೇಲೂ ಹೊತ್ತರು. ಅವರು ಹೇಳಿದ್ದನ್ನು ನನ್ನಮ್ಮ ಹೇಳುತ್ತಾರೆ, ಅದನ್ನು ಬರೆಯುತ್ತೇನೆ.

ಚೀಲಕ್ಕೆ ಅರಗಿನ ಸೀಲು ಹಾಕಿರುತ್ತಿತ್ತು. ಮಳೆಗಾಲದಲ್ಲಿ ಅಜ್ಜ ತಾನು ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಗೆ ಹೊದೆಯುವ ಗೊರಬನ್ನು ಚೀಲಕ್ಕೆ ಮುಚ್ಚುತ್ತಿದ್ದರು. ಚೀಲ ನೆನೆದರೆ ಒಳಗಿನ ಶಾಯಿ ಹರಡಿ ಕಾಗದ ಹಾಳು, ಮೈ ನೆನೆದರೆ ಒಲೆ ಮುಂದೆ ಕೂತರಾಯಿತು ಅನ್ನುತ್ತಿದ್ದರಂತೆ. ಸೊಂಟದಲ್ಲಿ ಉಪ್ಪಿನ ಗಂಟು, ಉಂಬಳ (ಜಿಗಣೆ) ಹತ್ತಿದರೆ ಮುಟ್ಟಿಸಲು. ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಮುರಿದು ಹೋದ ದಿನ ಹಳ್ಳದ ಈಚೆ ನಿಂತು ಕೂಗು ಹಾಕುವುದು. ಆಚೆ ಕಡೆಯ ಮನೆಯವರು ಹಗ್ಗ ಎಸೆಯುತ್ತಿದ್ದರು. ಮೊದಲು ಚೀಲ ದಾಟಬೇಕು, ಆಮೇಲೆ ಅಜ್ಜ.

ಯಾವ ಜಾತಿಯವರ ಮನೆ ಅಂತ ನೋಡದೆ ಎಲ್ಲ ಅಂಗಳಕ್ಕೂ ಹೋಗುತ್ತಿದ್ದ ಕೆಲವೇ ಜನರಲ್ಲಿ ಅವರೊಬ್ಬರು. ಆದರೆ ಎಲ್ಲ ಕಡೆ ಜಗಲಿ ಹತ್ತಿಸುತ್ತಿರಲಿಲ್ಲ. ನಾವು ದೀವರು. ಕೆಲವು ಮನೆಗಳಲ್ಲಿ ಕಾಗದವನ್ನು ಕಟ್ಟೆ ಮೇಲೆ ಇಟ್ಟು ಸರಿಯಬೇಕಿತ್ತು, ಬೆಲ್ಲ ನೀರನ್ನು ದೂರದಿಂದ ಕೊಡುತ್ತಿದ್ದರು. ಕೆಲವು ಮನೆಗಳಲ್ಲಿ ಕವಳದ ತಟ್ಟೆ ಮುಂದಿಟ್ಟು ಕೂರಿಸಿ ಕಾಗದ ಓದಿಸುತ್ತಿದ್ದರು. ಅಮ್ಮ ಎರಡನ್ನೂ ಹೇಳುತ್ತಾರೆ. ನೀವು ಬರೆಯುವಾಗಲೂ ಎರಡನ್ನೂ ಬರೆಯಿರಿ.

ಮುಳುಗಡೆಯ ಮೂರನೇ ತಲೆಮಾರು:

ಬಹಳ ದಿನದಿಂದ ಯಾರಾದರೂ ಈ ವಿಷಯ ಎತ್ತಲಿ ಅಂತ ಕಾಯುತ್ತಿದ್ದೆ.

ನಮ್ಮಜ್ಜನ ಮನೆ ಮುಳುಗಿತು. ನಾವು ಈಗ ಶಿವಮೊಗ್ಗ ತಾಲೂಕಿನಲ್ಲಿದ್ದೇವೆ. ನಮ್ಮ ಸೀಮೆಗೆ ನೀರು ಬಂದದ್ದು ಎರಡು ಸಲ, ಇದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಮೊದಲು ಜೋಗದ ವಿದ್ಯುತ್ತಿಗಾಗಿ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು. ಅದು 1948ರದ್ದು. ಆಗಲೇ ಕೆಲವರು ಎದ್ದರು. ಹತ್ತಿರವೇ ಎತ್ತರದ ಜಾಗ ನೋಡಿ ಮನೆ ಕಟ್ಟಿಕೊಂಡರು, ತೋಟ ಹಾಕಿದರು. ಹದಿನಾರು ವರ್ಷಕ್ಕೆ ಲಿಂಗನಮಕ್ಕಿ ಬಂತು. 1819 ಅಡಿ ಮಟ್ಟ. ಆ ಹಳೇ ಅಣೆಕಟ್ಟೇ ನೀರಲ್ಲಿ ಮುಳುಗಿತು. ಫಸಲು ಶುರುವಾಗಿದ್ದ ತೋಟ ಬಿಟ್ಟು ಎರಡನೇ ಸಲ ಏಳಬೇಕಾಯಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಮಡೆನೂರು ಡ್ಯಾಮ್ ಮೇಲೆ ಬಂದಾಗ ಜನ ಫೋಟೋ ತೆಗೆಯಲು ಹೋಗುತ್ತಾರೆ. ನಮ್ಮ ಮನೆಯವರು ಹೋಗುವುದಿಲ್ಲ.

ನಮ್ಮ ಹತ್ತಿರ ಒಂದು ಕಾರ್ಡು ಇದೆ. ಅಜ್ಜನ ತಂಗಿ ಸಿದ್ದಾಪುರ ಕಡೆಯಿಂದ ಬರೆದದ್ದು. ನೀಲಿ ಶಾಯಿಯಲ್ಲಿ ಹಳೇ ಊರಿನ ವಿಳಾಸ. ಅದರ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಒಂದು ಗೀಟು. ಪಕ್ಕದಲ್ಲಿ ಬೇರೆ ಅಕ್ಷರದಲ್ಲಿ ನಮ್ಮ ಹೊಸ ಊರಿನ ಹೆಸರು, ಅಂಚೆ, ತಾಲೂಕು. ಹಳೇ ಊರಿನ ಕಡೆಯ ಮುದ್ರೆ ಒಂದು, ಹೊಸ ಊರಿನ ಮುದ್ರೆ ಇನ್ನೊಂದು. ಅಜ್ಜನ ತಂಗಿ ಬರೆದದ್ದು ನಾಲ್ಕೇ ಸಾಲು. "ನೀವು ಎಲ್ಲಿ ಇದ್ದೀರಿ ತಿಳಿಯಲಿಲ್ಲ, ಈ ಕಾರ್ಡು ಮುಟ್ಟಿದರೆ ಕೂಡಲೇ ಬರೆಯುವುದು" ಅಂತ ಇದೆ.

ನಮ್ಮ ಇಡೀ ಕುಟುಂಬ ಆ ಊರಿನಿಂದ ಈ ಊರಿಗೆ ಬಂತು ಅನ್ನುವುದಕ್ಕೆ ಒಂದೇ ತುಂಡು ಕಾಗದದಲ್ಲಿ ಎರಡೂ ಹೆಸರು ಇರುವುದು ಇದೊಂದೇ. ಆ ಕೆಂಪು ಪೆನ್ಸಿಲ್ ಹಿಡಿದವರು ಯಾರು ಅಂತ ತಿಳಿದುಕೊಳ್ಳಬೇಕು ಅಂತ ನನಗೆ ಬಹಳ ಆಸೆ.

ನಿವೃತ್ತ ಬಿಪಿಎಂ, ಹೊಸನಗರ ಕಡೆ:

ತಮ್ಮಾ, ಅದನ್ನು ರೀಡೈರೆಕ್ಟ್ ಅನ್ನುತ್ತೇವೆ. ವಿಳಾಸದಾರರು ಊರು ಬಿಟ್ಟರೆ ಹೊಸ ವಿಳಾಸ ಬರೆದುಕೊಟ್ಟು ಹೋಗಬಹುದು, ಆಮೇಲೆ ಬಂದ ಮಾಮೂಲಿ ಕಾಗದವನ್ನು ಬೇರೆ ಚೀಟಿ ಹಚ್ಚದೆ ಅಲ್ಲಿಗೆ ಕಳಿಸುತ್ತೇವೆ. ಬರೆದುಕೊಡದಿದ್ದರೂ ಪೋಸ್ಟ್ ಮಾಸ್ಟರಿಗೆ ಗೊತ್ತಿದ್ದರೆ ಕಳಿಸುತ್ತಿದ್ದರು. ಇಡೀ ಊರೇ ಏಳುವಾಗ ಅರ್ಜಿ ಬರೆದುಕೊಡುವ ವ್ಯವಧಾನ ಯಾರಿಗೆ ಇರುತ್ತದೆ? ಯಾರ ಲಾರಿ ಯಾವ ಕಡೆ ಹೋಯಿತು ಅಂತ ಅವರು ನೆನಪಲ್ಲಿ ಇಟ್ಟುಕೊಂಡಿರಬೇಕು. ಆ ಕಾರ್ಡನ್ನು ಜೋಪಾನ ಮಾಡಿ.

ತೋಟದಮನೆ ಸೊಸೆ:

ಓದಿ ಕಣ್ಣು ತುಂಬಿ ಬಂತು. ಅತ್ತೆಗೆ ಓದಿ ಹೇಳಿದೆ. ಅವರ ಚಿಕ್ಕಮ್ಮನೂ ಹಾಗೇ ಎಲ್ಲಿಗೆ ಹೋದರು ಅಂತ ವರ್ಷಗಟ್ಟಲೆ ತಿಳಿದಿರಲಿಲ್ಲವಂತೆ.

ವಕೀಲಿ ಓದುತ್ತಿರುವವಳು:

ಮುಳುಗಡೆಯ ಅಣ್ಣನಿಗೆ ಒಂದು ಪ್ರಶ್ನೆ. ನಿಮ್ಮ ಜಮೀನಿಗೆ ಹಕ್ಕುಪತ್ರ ಆಗಿದೆಯಾ? ಶರಾವತಿ ಸಂತ್ರಸ್ತರಿಗೆ ಕೊಟ್ಟ ಜಾಗ ಎಷ್ಟೋ ಕಡೆ ಕಾಗದದಲ್ಲಿ ಇನ್ನೂ ಅರಣ್ಯವಾಗೇ ಇದೆ ಅಂತ ಓದಿದ್ದೇನೆ. ಇಂಥ ಕಾರ್ಡು ದಾಖಲೆಯಾಗಿ ನಿಲ್ಲುತ್ತದಾ ಅಂತ ಯೋಚನೆ ಬಂತು.

ಮುಳುಗಡೆಯ ಮೂರನೇ ತಲೆಮಾರು:

ಇಲ್ಲಮ್ಮ, ಆಗಿಲ್ಲ. ನಮ್ಮ ಸುತ್ತ ಬಹಳ ಮನೆಗಳದ್ದು ಅದೇ ಕಥೆ. ನಾಡಿಗೆ ಕರೆಂಟು ಕೊಡಲು ಮನೆ ಬಿಟ್ಟವರ ಮೊಮ್ಮಕ್ಕಳು ಇವತ್ತಿಗೂ ಪಹಣಿ ಹಿಡಿದು ಕಚೇರಿ ಸುತ್ತುತ್ತಿದ್ದೇವೆ.

ವಕೀಲಿ ಓದುತ್ತಿರುವವಳು:

ಹಾಗಾದರೆ ಒಂದು ಮಾತು. ಮುಳುಗಡೆಯವರ ಪ್ರಕರಣ ಬೇರೆ, ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಬೇರೆ. ಎರಡನ್ನೂ ಬೆರೆಸಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದದ್ದನ್ನು ತೋರಿಸಬೇಕು. 60ರ ದಶಕದಲ್ಲಿ ಬಂದು ನೆಲೆಸಿದವರಿಗೆ ಆ ದಾರಿ ಕಷ್ಟ. ಅವರು ಹಿಡಿಯಬೇಕಾದದ್ದು ಸರ್ಕಾರವೇ ಕೊಟ್ಟ ಪುನರ್ವಸತಿ ಆದೇಶ. ಆದರೆ ಹಿನ್ನೀರ ಸುತ್ತಲೇ ಉಳಿದ ಹಳೇ ಮನೆಗಳವರಿಗೆ ಆ ಕಾಯ್ದೆ ಅನ್ವಯಿಸಬಹುದು. ಅಲ್ಲಿ ಒಂದಕ್ಕಿಂತ ಹೆಚ್ಚು ಸಾಕ್ಷಿ ಕೇಳುತ್ತಾರೆ. ಹಳೇ ಸರ್ಕಾರಿ ದಾಖಲೆ, ಮನೆ ಕಂದಾಯದ ರಸೀದಿ, ಹಿರಿಯರ ಹೇಳಿಕೆ, ಇವೆಲ್ಲ ಪಟ್ಟಿಯಲ್ಲಿವೆ. ಊರಿನ ಹೆಸರು, ತಾರೀಖು, ಅಜ್ಜನ ಹೆಸರು ಮೂರೂ ಇರುವ ಮುದ್ರೆ ಬಿದ್ದ ಕಾಗದವನ್ನು ಅವುಗಳ ಜೊತೆ ಪೂರಕವಾಗಿ ಇಡಬಹುದು. ಅದೊಂದನ್ನೇ ನಂಬಿ ಕೂರಬೇಡಿ. ಮೂಲವನ್ನು ಯಾರ ಕೈಗೂ ಕೊಡಬೇಡಿ, ದೃಢೀಕರಿಸಿದ ನಕಲು ಕೊಡಿ.

ಬೆಂಗಳೂರಲ್ಲಿರುವ ತುಮರಿ ಹುಡುಗ:

ಹಳೇದನ್ನು ಉಳಿಸುವುದು ಸರಿ, ಆದರೆ ಈಗಿನ ಪೋಸ್ಟಾಫೀಸು ಉಳಿಯುತ್ತದಾ? ಟೆಲಿಗ್ರಾಂ 2013ರಲ್ಲಿ ನಿಂತಿತು. ಹಳೇ ಮನಿಯಾರ್ಡರ್ 2015ಕ್ಕೆ ಹೋಯಿತು. ರಿಜಿಸ್ಟರ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿಗೆ ಸೇರಿಸಿದರು. ನಮ್ಮ ವಯಸ್ಸಿನವರು ಯಾರೂ ಕಾಗದ ಬರೆಯುವುದಿಲ್ಲ. ಊರಿಗೆ ಸೇತುವೆಯೂ ಬಂತು. ಬೇಕಾದರೆ ಸಾಗರಕ್ಕೆ ಹೋಗಿಬರಬಹುದು ಅಂತ ಹೇಳಿ ಸಣ್ಣ ಕಚೇರಿಗಳನ್ನು ಮುಚ್ಚಿದರೆ ಏನು ಮಾಡುವುದು? ನನ್ನ ಚಿಂತೆ ಅದು.

ಈಗಿನ ಎಬಿಪಿಎಂ, ಹಿನ್ನೀರು ಕಡೆ:

ಅದಕ್ಕೆ ನಾನು ಉತ್ತರ ಹೇಳುತ್ತೇನೆ. ನಾನು ಎಬಿಪಿಎಂ, ಅಂದರೆ ಶಾಖಾ ಕಚೇರಿಯ ಸಹಾಯಕ ಪೋಸ್ಟ್ ಮಾಸ್ಟರ್, ಕಾಗದ ಹಂಚುವ ಕೆಲಸ ಮಾಡುತ್ತೇನೆ. ನಿಮ್ಮ ವಯಸ್ಸಿನವಳೇ.

ನಿನ್ನೆ ನನ್ನ ಚೀಲದಲ್ಲಿ ಇದ್ದದ್ದು: ಆಧಾರ್ ಕಾರ್ಡು, ಕೋರ್ಟಿನ ನೋಟೀಸು, ಒಬ್ಬ ಹುಡುಗನ ಕೆಲಸದ ಆದೇಶ, ಬ್ಯಾಂಕಿನ ಎಟಿಎಂ ಕಾರ್ಡುಗಳು, ಔಷಧಿಯ ಪಾರ್ಸಲ್ಲು. ಅದರ ಜೊತೆ ಬೆರಳಚ್ಚಿನ ಯಂತ್ರ. 2018ರಲ್ಲಿ ಅಂಚೆ ಪೇಮೆಂಟ್ಸ್ ಬ್ಯಾಂಕ್ ಬಂದ ಮೇಲೆ ಯಾವ ಬ್ಯಾಂಕಿನಲ್ಲಿ ಖಾತೆ ಇದ್ದರೂ ಆಧಾರ್ ಜೋಡಣೆ ಆಗಿದ್ದರೆ ಮನೆ ಬಾಗಿಲಲ್ಲೇ ದುಡ್ಡು ಕೊಡಬಹುದು. ನನ್ನ ದಾರಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಮೊಣಕಾಲು ಬರುವುದಿಲ್ಲ. ಸಂಧ್ಯಾ ಸುರಕ್ಷಾ ಹಣ ಬಂದಿದೆಯಾ ಅಂತ ತಿಂಗಳಿಗೊಮ್ಮೆ ಕೇಳುತ್ತಾರೆ. ಅವರ ಬೆರಳು ಸವೆದು ಹೋಗಿದೆ. ಎಷ್ಟು ಒತ್ತಿದರೂ ಯಂತ್ರ ಹಿಡಿಯುವುದಿಲ್ಲ. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಒಂದೊಂದೇ ಬೆರಳು ಇಟ್ಟು ನೋಡುತ್ತೇವೆ. ಹಿಡಿಯಿತು ಅಂತಿದ್ದರೆ ನೆಟ್‌ವರ್ಕ್ ಇರುವುದಿಲ್ಲ. ಆಗ ಯಂತ್ರ ಹಿಡಿದುಕೊಂಡು ಗುಡ್ಡದ ನೆತ್ತಿಯ ತನಕ ಹೋಗಲು ಅಜ್ಜಿಗೆ ಆಗಬೇಕಲ್ಲ! ಅವರ ಮನೆ ಹಿಂದಿನ ದಿಬ್ಬದ ಹಲಸಿನ ಮರದ ಬುಡದಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತದೆ ಅಂತ ಕಂಡುಕೊಂಡಿದ್ದೇವೆ. ಮೊಮ್ಮಗ ಕೈ ಹಿಡಿದು ಅಲ್ಲಿಗೆ ಕರೆತರುತ್ತಾನೆ. ಇದಕ್ಕೆ ಅವರು ಸಾಗರಕ್ಕೆ ಹೋಗಬೇಕಾ?

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆದದ್ದು ನಮಗೆಲ್ಲ ದೊಡ್ಡ ಸಂತೋಷ. ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರ್ ಉದ್ದ. ಮೊದಲು ಲಾಂಚ್ ನಿಂತರೆ, ನೀರು ಇಳಿದರೆ ಟಪಾಲಿಗೂ ತೊಂದರೆ. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಹೊಸನಗರ, ನಗರ, ನಿಟ್ಟೂರು ಸುತ್ತಿ ಬರಬೇಕಿತ್ತು. ಈಗ ಅದಿಲ್ಲ. ಆದರೆ ಸೇತುವೆ ಇಳಿದ ಮೇಲೆ ಮುಖ್ಯ ರಸ್ತೆಯಿಂದ ಒಂಟಿ ಮನೆಗೆ ಹೋಗುವ ದಾರಿ ಮೊದಲಿನದೇ. ಆ ಕೊನೆಯ ದಾರಿಗೇ ಶಾಖಾ ಕಚೇರಿ ಬೇಕಾಗಿರುವುದು. ಹೆಣ್ಣು ಮಕ್ಕಳ ಹೆಸರಲ್ಲಿ ಸುಕನ್ಯಾ ಖಾತೆ ಮಾಡಿಸಿ, ಆರ್‌ಡಿ ಕಟ್ಟಿ, ಸ್ಪೀಡ್ ಪೋಸ್ಟನ್ನು ನಮ್ಮಲ್ಲೇ ಮಾಡಿಸಿ. ವ್ಯವಹಾರ ಇರುವ ಕಚೇರಿ ಉಳಿಯುತ್ತದೆ.

ಚರಿತ್ರೆಗೂ ಒಂದು ಮಾತು ಸೇರಿಸುತ್ತೇನೆ. ನನ್ನ ಬೀಟು, ಅಂದರೆ ನಾನು ಕಾಗದ ಹಂಚುವ ಸುತ್ತು, ಯಾವ ಪಂಚಾಯ್ತಿ ಗಡಿಗೂ ಹೊಂದುವುದಿಲ್ಲ. ಒಂದು ಕೇರಿ ಪಂಚಾಯ್ತಿ ಲೆಕ್ಕದಲ್ಲಿ ಆಚೆ ಊರಿನದು, ಅಂಚೆ ಮಾತ್ರ ನಮ್ಮದು. ಯಾಕೆ ಅಂತ ಹಿರಿಯ ಪೋಸ್ಟ್ ಮ್ಯಾನ್ ಒಬ್ಬರನ್ನು ಕೇಳಿದೆ. ನೀರು ಬರುವ ಮೊದಲು ಅಲ್ಲಿಗೆ ನಮ್ಮೂರಿಂದಲೇ ಕಾಲುದಾರಿ ಇತ್ತಂತೆ. ದಾರಿ ಮುಳುಗಿತು, ಅಂಚೆ ವಿಳಾಸ ಹಾಗೇ ಉಳಿಯಿತು.

ಶಿವಮೊಗ್ಗದ ಮುದ್ರೆ ಸಂಗ್ರಹಕಾರ:

ಇದು ಚಿನ್ನದಂಥ ಮಾಹಿತಿ ತಂಗಿ. ಯಾವ ಕೇರಿಗೆ ಯಾವ ಅಂಚೆ ಅಂತ ಒಂದು ನಕ್ಷೆ ಬರೆದರೆ ಮುಳುಗಿದ ದಾರಿಗಳ ಗುರುತು ಸಿಗಬಹುದು. ರನ್ನರ್ ಅಜ್ಜ ನಡೆದ ದಾರಿಯನ್ನೂ ಅದರ ಮೇಲೆ ಎಳೆಯೋಣ.

ರನ್ನರ್ ಮೊಮ್ಮಗ:

ಅಮ್ಮನನ್ನು ಕೂರಿಸಿ ಕೇಳುತ್ತೇನೆ. ಯಾವ ಹಳ್ಳ, ಯಾವ ಕಾನು, ಎಲ್ಲಿ ಬುತ್ತಿ ಬಿಚ್ಚುತ್ತಿದ್ದರು ಎಲ್ಲ ಅವರಿಗೆ ನೆನಪಿದೆ. ದನಿ ಮುದ್ರಿಸಿಕೊಳ್ಳುತ್ತೇನೆ.

ನಿವೃತ್ತ ಬಿಪಿಎಂ, ಹೊಸನಗರ ಕಡೆ:

ಮನಿಯಾರ್ಡರ್ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೆ ನಾನೇ ಬರೆಯುತ್ತೇನೆ. ನಮ್ಮ ಕಡೆಯ ಹುಡುಗರು ಮನೆ ಬಿಟ್ಟು ಬೊಂಬಾಯಿ, ಬೆಂಗಳೂರಿನ ಹೋಟೆಲಿಗೆ ಸೇರುತ್ತಿದ್ದರು. ಎಷ್ಟೋ ಕಾಲ ಸುದ್ದಿಯೇ ಇಲ್ಲ. ಆಮೇಲೆ ಒಂದು ದಿನ ಮನಿಯಾರ್ಡರ್. ಫಾರಂನ ಕೆಳಗೆ ಒಂದು ಕೂಪನ್ ತುಂಡು ಇರುತ್ತಿತ್ತು, ಅದರಲ್ಲಿ ಎರಡು ಸಾಲು ಬರೆಯಬಹುದಿತ್ತು. ದುಡ್ಡು ತೆಗೆದುಕೊಂಡವರಿಗೆ ಆ ತುಂಡು ಸೇರುತ್ತಿತ್ತು. ಸಹಿ ಅಥವಾ ಹೆಬ್ಬೆಟ್ಟು ಹಾಕಿದ ಇನ್ನೊಂದು ತುಂಡು ಕಳಿಸಿದವನಿಗೆ ವಾಪಸ್ ಹೋಗುತ್ತಿತ್ತು. ಹೆಬ್ಬೆಟ್ಟಾದರೆ ಸಾಕ್ಷಿ ಬೇಕಿತ್ತು. ಅಮ್ಮನ ಹೆಬ್ಬೆಟ್ಟು ಬೊಂಬಾಯಿಗೆ ಮುಟ್ಟಿದರೆ ಮಗನಿಗೆ ಅವಳು ಇದ್ದಾಳೆ ಅಂತ ತಿಳಿಯುತ್ತಿತ್ತು.

ಕಳಿಸುವ ಹಣಕ್ಕೆ ನೂರಕ್ಕೆ ಐದು ಕಮಿಷನ್ ಇತ್ತು. ಬಡ ಹುಡುಗನಿಗೆ ಅದು ಕಡಿಮೆ ಅಲ್ಲ. ಆದರೂ ಕಳಿಸುತ್ತಿದ್ದರು. ಕೆಲವು ದಿನ ಮನಿಯಾರ್ಡರ್ ಜಾಸ್ತಿ ಬಂದು ಕಚೇರಿಯಲ್ಲಿ ನಗದು ಸಾಲುತ್ತಿರಲಿಲ್ಲ. ನಮ್ಮ ಲೆಕ್ಕ ನೋಡುವ ಮೇಲಿನ ಕಚೇರಿಯಿಂದ ದುಡ್ಡು ತರಿಸಿ ಮಾರನೇ ದಿನ ಕೊಡಬೇಕಿತ್ತು. ಹಬ್ಬದ ಹಿಂದಿನ ದಿನ ಹಾಗಾದರೆ ನನ್ನ ಅಡಿಕೆ ದುಡ್ಡಿನಿಂದ ಕೊಟ್ಟದ್ದು ಉಂಟು. ನಿಯಮಕ್ಕೆ ಸರಿಯಲ್ಲ ಅಂತ ಗೊತ್ತಿತ್ತು. ದೀಪಾವಳಿಗೆ ಎಣ್ಣೆ ತರಲು ಕಾದು ನಿಂತ ಹೆಂಗಸನ್ನು ನಾಳೆ ಬಾ ಅಂತ ಹೇಗೆ ಕಳಿಸುವುದು?

ಆ ಕೂಪನ್ ತುಂಡುಗಳು ಮನೆಗಳಲ್ಲಿ ಇರಬಹುದು. ದೇವರ ಗೂಡಿನಲ್ಲಿ, ಪಾಸ್‌ಬುಕ್ಕಿನ ಒಳಗೆ ಹುಡುಕಿ. ಚೂರು ಕಾಗದ ಅಂತ ಒಲೆಗೆ ಹಾಕಬೇಡಿ.

ಕರೂರು ಸೀಮೆಯವ:

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ನಮ್ಮ ಪೋಸ್ಟ್ ಮಾಸ್ಟರಿಗೆ ಎಲ್ಲವನ್ನೂ ಓದಿ ಹೇಳಿದೆ. ಅವರು ಖಾನೆಯನ್ನು ಊರ ಶಾಲೆಗೆ ಕೊಡಲು ಒಪ್ಪಿದ್ದಾರೆ. ಸುಣ್ಣದ ಅಕ್ಷರ ಅಳಿಸದ ಹಾಗೆ ಈಗಲೇ ಎಲ್ಲ ಗೂಡಿನ ಫೋಟೋ ತೆಗೆದಿಟ್ಟಿದ್ದೇನೆ. ಯಾವ ಗೂಡು ಯಾರ ಮನೆಯದು, ಅವರು ಈಗ ಎಲ್ಲಿದ್ದಾರೆ ಅಂತ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಕೆಂಪು ಪೆನ್ಸಿಲ್ಲಿನ ವಿಷಯ ಕೇಳಿದೆ. ತಮ್ಮ ಅಪ್ಪನ ಹತ್ತಿರ ಒಂದು ಕಡೆ ಕೆಂಪು, ಒಂದು ಕಡೆ ನೀಲಿ ಇರುವ ಪೆನ್ಸಿಲ್ ಇತ್ತು, ಆದರೆ ಆಗ ಎಲ್ಲ ಕಚೇರಿಗಳಲ್ಲೂ ಅಂಥದ್ದೇ ಇರುತ್ತಿತ್ತು ಅಂದರು. ಕಾರ್ಡಿನ ಅಕ್ಷರದ ಫೋಟೋ ಕಳಿಸಿದರೆ ಅಪ್ಪನ ಕೈಬರಹದ ಜೊತೆ ಇಟ್ಟು ನೋಡುತ್ತಾರಂತೆ.

ಕಾಗದಗಳನ್ನು ಇಡುವುದು ಹೇಗೆ ಅಂತ ಯಾರಾದರೂ ಹೇಳಿ. ಲ್ಯಾಮಿನೇಷನ್ ಮಾಡಿಸಬಹುದಾ?

ಶಿವಮೊಗ್ಗದ ಮುದ್ರೆ ಸಂಗ್ರಹಕಾರ:

ಖಂಡಿತ ಬೇಡ. ಲ್ಯಾಮಿನೇಷನ್ ಬಿಸಿಗೆ ಕಾಗದ ಸುಟ್ಟ ಹಾಗೆ ಆಗುತ್ತದೆ, ಆಮೇಲೆ ಬಿಡಿಸಲು ಬರುವುದಿಲ್ಲ. ಸೆಲೋಟೇಪೂ ಬೇಡ, ಕೆಲವೇ ವರ್ಷಕ್ಕೆ ಕಂದು ಕಲೆ ಬಿಡುತ್ತದೆ. ಚೀಟಿ ಚೆನ್ನಾಗಿದೆ ಅಂತ ನೀರಲ್ಲಿ ನೆನೆಸಿ ಕೀಳಬೇಡಿ. ಕವರು, ಚೀಟಿ, ಮುದ್ರೆ ಒಟ್ಟಿಗೆ ಇದ್ದರೇ ಅದಕ್ಕೆ ಬೆಲೆ. ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಎರಡೂ ಮಗ್ಗುಲ ಫೋಟೋ ತೆಗೆಯಿರಿ. ಹಿಂಬದಿಯ ಮುದ್ರೆಯನ್ನು ಜನ ಮರೆಯುತ್ತಾರೆ. ಮಳೆಗಾಲದಲ್ಲಿ ಕಟ್ಟು ಬಿಚ್ಚಬೇಡಿ, ನಿಮ್ಮ ಕಡೆ ಹವೆಯಲ್ಲಿ ಬೂಷ್ಟು ಬರಲು ಎರಡು ದಿನ ಸಾಕು. ಬಿಸಿಲು ಬಂದ ಮೇಲೆ ನೆರಳಲ್ಲಿ ಹರಡಿ.

ಮುಳುಗಡೆಯ ಮೂರನೇ ತಲೆಮಾರು:

ಕಾರ್ಡಿನ ಎರಡೂ ಮಗ್ಗುಲ ಫೋಟೋ ಕಳಿಸುತ್ತೇನೆ. ಅಕ್ಷರ ಹೊಂದಿದರೂ ಹೊಂದದಿದ್ದರೂ ನಿಮ್ಮ ಪೋಸ್ಟ್ ಮಾಸ್ಟರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ ತಿಳಿಸಿ.

ತೋಟದಮನೆ ಸೊಸೆ:

ನಮ್ಮ ಸರಿಗೆಯನ್ನೂ ತಂದುಕೊಡುತ್ತೇನೆ. ಆದರೆ ತಂತಿ ತುಕ್ಕು ಹಿಡಿದಿದೆ, ಕಾಗದಗಳನ್ನು ಒಂದೊಂದಾಗಿ ಕಿತ್ತು ಕವರಿನಲ್ಲಿ ಹಾಕಿ ತರಲಾ?

ಶಿವಮೊಗ್ಗದ ಮುದ್ರೆ ಸಂಗ್ರಹಕಾರ:

ಕೀಳಬೇಡಿ ತಾಯಿ, ಹಾಗೇ ತನ್ನಿ. ಕೆಳಗಿರುವುದು ಮೊದಲು ಬಂದದ್ದು, ಮೇಲಿರುವುದು ಆಮೇಲಿನದು. ತಾರೀಖು ಇಲ್ಲದ ಕಾಗದಕ್ಕೆ ಅದರ ಮೇಲೆ ಕೆಳಗೆ ಇರುವ ಕಾಗದಗಳೇ ಕಾಲ ಹೇಳುತ್ತವೆ. ಬಿಡಿಸುವಾಗ ಒಂದೊಂದಕ್ಕೂ ಸಂಖ್ಯೆ ಬರೆದ ಚೀಟಿ ಇಡುತ್ತ ಬಿಡಿಸಬೇಕು. ನಾನು ಸಾಗರಕ್ಕೆ ಬಂದಾಗ ಒಟ್ಟಿಗೆ ಕೂತು ಮಾಡೋಣ.